ಹೊಲದ ಹೆಸರಿನ ಬೊಂತೆಗಳು

ನನ್ನ ಅಂಗಡಿಯ ಮೇಜಿನ ಡ್ರಾಯರಿನಲ್ಲಿ ಹನ್ನೊಂದು ಬಿಳಿ ಬಟ್ಟೆಯ ಪಟ್ಟಿಗಳು ಉಳಿದುಬಿಟ್ಟಿವೆ. ಒಂದೊಂದೂ ಗೇಣುದ್ದ, ನಾಲ್ಕು ಬೆರಳಗಲ, ಅಂಚು ಮಡಿಚಿ ಹೊಲಿದದ್ದು. ಹೆಸರು ಬರೆದುಕೊಡು ಎಂದು ಟೀಚರ್ ತಂದಿಟ್ಟು ಹೋದವು. ಯಾವ ಹೆಸರು ಎಂದು ಮುಂದಿನ ವಾರ ಹೇಳುತ್ತೇನೆ ಅಂದಿದ್ದರು. ಆ ಮುಂದಿನ ವಾರಕ್ಕೆ ಅವರೇ ಇರಲಿಲ್ಲ. ಮೂರು ತಿಂಗಳಾಯಿತು. ಬ್ರಷ್ಷಿಗೋ ಸ್ಕೇಲಿಗೋ ಡ್ರಾಯರ್ ಎಳೆದಾಗಲೆಲ್ಲ ಕಣ್ಣಿಗೆ ಬೀಳುತ್ತವೆ, ಹಾಗೇ ಮುಚ್ಚುತ್ತೇನೆ.

ನಾನು ದೇವನಹಳ್ಳಿಯಲ್ಲಿ ಬೋರ್ಡ್ ಬರೆಯುವವನು. ಬರೆಯುತ್ತಿದ್ದವನು ಅನ್ನುವುದು ಸರಿ. ಫ್ಲೆಕ್ಸ್ ಬಂದ ಮೇಲೆ ನನ್ನ ಕೈಗೆ ಕೆಲಸ ಕಡಿಮೆ, ಬಾಯಿಗೆ ಜಾಸ್ತಿ. ಫ್ಲೆಕ್ಸಿನವರು ಅಕ್ಷರಕ್ಕಿಂತ ದೊಡ್ಡದಾಗಿ ಮೀಸೆ ಹಾಕುತ್ತಾರೆ, ಮೂರು ಮಳೆಗೆ ಮೀಸೆಯೂ ಅಕ್ಷರವೂ ಒಟ್ಟಿಗೆ ಬಿಳುಚಿಕೊಳ್ಳುತ್ತವೆ. ನಾನು ಇಪ್ಪತ್ತು ವರ್ಷದ ಹಿಂದೆ ಬರೆದ ಹಿಟ್ಟಿನ ಗಿರಣಿಯ ಬೋರ್ಡ್ ಇನ್ನೂ ಓದಬಹುದು. ಗಿರಣಿ ಮಾತ್ರ ಇಲ್ಲ.

ಟೀಚರ್ ಅಂದೆನಲ್ಲ, ಅವರು ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಹೆಸರು ನನಗೆ ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ತಾವು ಹೊಲಿದ ಅಷ್ಟೂ ಬೊಂತೆಗಳಲ್ಲಿ ಒಂದರ ಮೇಲೂ ತಮ್ಮ ಹೆಸರು ಹಾಕಿಸಿಕೊಳ್ಳದವರ ಹೆಸರನ್ನು ನಾನು ಅಚ್ಚು ಹಾಕಿಸುವುದು ಚೆನ್ನಾಗಿರುವುದಿಲ್ಲ.

ಅವರು ಮೊದಲ ಸಲ ಬಂದದ್ದು ಒಂದು ಮಧ್ಯಾಹ್ನ. ನಾನು ಕೋಳಿ ಅಂಗಡಿಯೊಂದಕ್ಕೆ ತಗಡಿನ ಬೋರ್ಡ್ ಬರೆಯುತ್ತಿದ್ದೆ. ಎದುರಿನ ಹೊಂಗೆ ಮರದ ಕೆಳಗೆ ತೆಳ್ಳಗಿನ ಹೆಂಗಸೊಬ್ಬರು ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು ಅರ್ಧ ಗಂಟೆ ನಿಂತು ನೋಡಿದರು. ಬೋರ್ಡ್ ಮುಗಿದ ಮೇಲೆ ರಸ್ತೆ ದಾಟಿ ಬಂದರು.

"ಆವತಿ ಕಡೆ ಲೇಔಟ್ ಆಗಿದೆಯಲ್ಲ, ಅದರ ಕಮಾನಿಗೆ ಬರೆದೋನು ನೀನೇ ಅಲ್ವಾ?"

"ಹೌದು ಮೇಡಮ್, ನಾನೇ," ಎಂದೆ. ಎದೆ ಉಬ್ಬಿತು. ಅದು ನಾನು ಬರೆದ ಕೊನೆಯ ದೊಡ್ಡ ಕೆಲಸ. ಕಮಾನಿನ ಎರಡೂ ಕಡೆ ಆಳುದ್ದದ ಇಂಗ್ಲಿಷ್ ಅಕ್ಷರ, ಹಸಿರು ಹುಲ್ಲುಗಾವಲು ಎಂಬಂಥ ಅರ್ಥದ ಹೆಸರು.

"ನಂಗೂ ಸ್ವಲ್ಪ ಬರ್ಕೊಡ್ಬೇಕು. ಸಣ್ಣದು. ಬಟ್ಟೆ ಮೇಲೆ. ಒಗೆದ್ರೆ ಹೋಗ್ಬಾರ್ದು," ಎಂದು ಚೀಲದಿಂದ ನಾಲ್ಕು ಪಟ್ಟಿ ತೆಗೆದರು. ಬೆರಳಲ್ಲಿ ಅಂಗುಸ್ತಾನ ಇತ್ತು, ಸೂಜಿ ಚುಚ್ಚದಿರಲಿ ಎಂದು ಹೊಲಿಯುವವರು ಹಾಕಿಕೊಳ್ಳುವ ಲೋಹದ ಟೋಪಿ. ಅದನ್ನು ತೆಗೆದದ್ದನ್ನು ನಾನು ಎಂದೂ ನೋಡಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಗೆ ಅದರಿಂದ ಟಕ್ ಟಕ್ ಎಂದು ತಟ್ಟುತ್ತಿದ್ದರು, ಮುಂದಿನವರು ತಿರುಗಿ ನೋಡಿದರೆ ಕೈ ಹಿಂದೆಳೆದುಕೊಳ್ಳುತ್ತಿದ್ದರು.

ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಇಟ್ಟು, ಮೇಲೆ ಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ಸಾಲು ಸಾಲು ಹೊಲಿಗೆ ಹಾಕಿದ ಹೊದಿಕೆಗೆ ನಮ್ಮ ಕಡೆ ಬೊಂತೆ ಅನ್ನುತ್ತಾರೆ. ಓದಿದವರು ಕೌದಿ ಅಂದಾರು. ಬೊಂತೆ ಎಂದರೆ ನಮ್ಮ ಜನಕ್ಕೆ ಸ್ವಲ್ಪ ತಾತ್ಸಾರ. ಅಜ್ಜಿ ಹೊಲಿದುಕೊಟ್ಟರೆ ಮುದ್ದು, ಇನ್ನೊಬ್ಬರು ಕೊಟ್ಟರೆ ತಿರುಪೆ. ಟೀಚರಿಗೆ ಇದ್ದ ತೊಂದರೆ ಅದೇ. ಅವರು ಹೊಲಿಯುತ್ತಿದ್ದದ್ದೆಲ್ಲ ಕೊಟ್ಟುಬಿಡುವುದಕ್ಕೆ. ಬೂದಿಗೆರೆ ರಸ್ತೆಯಲ್ಲಿ ದಿಕ್ಕಿಲ್ಲದ ಮುದುಕರಿಗಾಗಿ ಯಾರೋ ನಡೆಸುವ ಒಂದು ಆಶ್ರಮವಿದೆ, ಅಲ್ಲಿಗೆ. ಅಲ್ಲಿನ ತಟ್ಟೆಗಳ ಹಿಂದೆ ದಾನಿಗಳ ಹೆಸರು, ಕುರ್ಚಿಗಳ ಬೆನ್ನಿಗೆ ದಾನಿಗಳ ಹೆಸರು, ಕಂಬಳಿಗಳ ಮೇಲೆ ಮಂಚದ ನಂಬರು. ಇವರು ಮೊದಲ ಬೊಂತೆಗಳನ್ನು ಕೊಟ್ಟಾಗ ಮ್ಯಾನೇಜರ್ ಅವಕ್ಕೂ ನಂಬರ್ ಹಾಕಿಸಿದರಂತೆ. ಟೀಚರ್ ಕೂತು ಅಷ್ಟನ್ನೂ ಬಿಚ್ಚಿದರಂತೆ.

"ನಂಬರ್ ಬೇಡ, ಹೆಸರಿಡ್ತೀನಿ ಅಂದ್ಬಿಟ್ಟೆ ಕಣಪ್ಪ. ಅಂದಿದ್ದು ಸುಲಭ ಆಯ್ತು," ಎಂದು ನಕ್ಕರು.

"ಯಾರಿಗೆ ಕೊಡ್ತೀರೋ ಅವರ ಹೆಸರೇ ಬರೆದ್ರಾಯ್ತಲ್ಲ?"

"ಅವರು ಹೋದ್ಮೇಲೆ ಬೊಂತೆ ಇನ್ನೊಬ್ಬರಿಗೆ ಹೋಗುತ್ತೆ. ಸತ್ತೋರ ಹೆಸರು ಹೊದ್ದು ಯಾರು ಮಲಗ್ತಾರೆ?"

"ದೇವರ ಹೆಸರು?"

"ಕಾಲ ಮೇಲೆ ದೇವರ ಹೆಸರಾ? ಬುದ್ಧಿ ಇದೆಯಾ ನಿಂಗೆ?"

ನಾನು ಸ್ವಲ್ಪ ಯೋಚಿಸಿ, ನನ್ನಲ್ಲಿ ಸಾಹಿತ್ಯ ಇದೆ ಎಂದು ತೋರಿಸುವುದಕ್ಕೆ, "ನೆಮ್ಮದಿ, ಸಂತೃಪ್ತಿ, ಹೀಗೇನಾದ್ರೂ ಇಡಿ," ಎಂದೆ. ಮನೆಗಳ ಗೇಟಿಗೆ ಬರೆದೂ ಬರೆದೂ ಬಾಯಿಗೆ ಬಂದ ಹೆಸರುಗಳು.

"ನೆಮ್ಮದಿ ಅಂತ ಬರೆದು ಕೊಟ್ರೆ, ನಿಂಗೆ ನೆಮ್ಮದಿ ಇಲ್ಲ ಅಂತ ಮುಖಕ್ಕೆ ಹೇಳ್ದಂಗೆ," ಎಂದರು. ಆಮೇಲೆ ಮೊದಲನೇ ಪಟ್ಟಿಯನ್ನು ನನ್ನ ಮುಂದೆ ತಳ್ಳಿ, "ಬಾವಿ ಹೊಲ ಅಂತ ಬರಿ," ಎಂದರು.

ಎರಡನೆಯದು ಹುಣಸೆ ಮರದ ಹೊಲ. ಮೂರನೆಯದು ದೊಡ್ಡ ಬದುವಿನ ಹೊಲ. ನಾಲ್ಕನೆಯದು ಸುಣ್ಣದ ಗೂಡಿನ ಹೊಲ. ಎಲ್ಲವೂ ಅವರ ಊರಿನವು. ಆವತಿ ಕಡೆಯ ಒಂದು ಹಳ್ಳಿ. ಅವರ ತಂದೆ ಮೇಲ್ಮನೆ ಗೌಡರು ಎಂದು ಹೆಸರಾದವರು. ತಂದೆ ಹೋದ ಮೇಲೆ ಅಣ್ಣತಮ್ಮಂದಿರು ಹೊಲಗಳನ್ನೆಲ್ಲ ಕೊಟ್ಟು ಯಲಹಂಕ ಸೇರಿದರು. ಎಲ್ಲ ಸೇರಿ ಒಂದೇ ಲೇಔಟ್ ಆಯಿತು. ಕಮಾನಿಗೆ ನಾನು ಬರೆದೆ.

ಇದು ತಿಳಿದ ದಿನ ನನಗೆ ಒಂದು ಥರಾ ಆಯಿತು. "ಟೀಚರ್, ಊರಲ್ಲಿ ಇನ್ನೂ ಇಬ್ಬರು ಬರೆಯೋರಿದ್ದಾರೆ. ನನ್ನ ಹತ್ರಾನೇ ಯಾಕೆ ಬಂದ್ರಿ?" ಎಂದು ಕೇಳಿದೆ.

"ಆ ಹೊಲಗಳ ಮೇಲೆ ಹೊಸ ಹೆಸರು ಬರೆದ ಕೈ ಅಲ್ವಾ ಅದು? ಹಳೇ ಹೆಸರನ್ನೂ ಅದೇ ಬರೀಲಿ ಅಂತ."

ಬೈದರೋ ಮೆಚ್ಚಿದರೋ ಇವತ್ತಿಗೂ ತಿಳಿದಿಲ್ಲ. ಆದರೆ ಅವತ್ತಿನಿಂದ ನಾನು ಬೇರೆ ಬೋರ್ಡಿಗಿಂತ ಆ ಪಟ್ಟಿಗಳನ್ನು ಹೆಚ್ಚು ಎಚ್ಚರದಿಂದ ಬರೆದೆ. ಮುದುಕರ ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರ. ಬಟ್ಟೆಯ ಬಣ್ಣ ಒಣಗಿದ ಮೇಲೆ ಹಿಂದಿನಿಂದ ಇಸ್ತ್ರಿ, ಹಾಗೆ ಮಾಡಿದರೆ ಒಗೆದರೂ ಕೂತಿರುತ್ತದೆ. ಪಟ್ಟಿಯನ್ನು ಬೊಂತೆಯ ಒಳಮಗ್ಗುಲಲ್ಲಿ, ಮಲಗಿದರೆ ಎದೆಯ ಹತ್ತಿರ ಕೈಗೆ ಸಿಗುವ ಕಡೆ ಅವರು ಹೊಲಿಯುತ್ತಿದ್ದರು.

ಹೊಲದ ಹೆಸರೇ ಯಾಕೆ ಎಂಬುದಕ್ಕೆ ಅವರ ಕಾರಣ ಸರಳವಾಗಿತ್ತು. "ಹೊಲ ಇದ್ದೋರನ್ನ ಯಾರೂ ಪಾಪ ಅನ್ನಲ್ಲ. ಹೊದ್ಕೊಂಡೋರು ಯಜಮಾನ್ರು. ಯಾರನ್ನೂ ಚಿಕ್ಕೋರ್ನ ಮಾಡಲ್ಲ ಆ ಹೆಸರು."

ಎಲ್ಲ ಹೊಲದ ಹೆಸರೂ ನಡೆಯುತ್ತಿರಲಿಲ್ಲ. ಹಂದಿ ಬಿದ್ದ ಹಳ್ಳ ಬೇಡ. ಕಳ್ಳರ ಕುಣಿ ಬೇಡ. ಸಮಾಧಿ ಇದ್ದ ಹೊಲವಂತೂ ಬೇಡವೇ ಬೇಡ. ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ರೂಢಿ. ಅವರ ಅಜ್ಜ, ಅಜ್ಜಿ, ಅಪ್ಪ, ಅವ್ವ ಎಲ್ಲ ಒಂದೇ ಮೂಲೆಯಲ್ಲಿ ಸಾಲಾಗಿ ಇದ್ದರಂತೆ. ಈಗ ಅಲ್ಲಿ ಮಕ್ಕಳು ಆಡುವ ಜಾರುಬಂಡೆ ಇದೆ. "ಸಾಲಲ್ಲಿ ನನ್ನ ಜಾಗಕ್ಕೆ ಯಾರೋ ಉಯ್ಯಾಲೆ ಹಾಕಿದ್ದಾರೆ ಕಣಪ್ಪ," ಎಂದು ಒಮ್ಮೆ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ.

ಪ್ರತಿ ತಿಂಗಳ ಎರಡನೇ ಶನಿವಾರ ಬೊಂತೆಗಳ ಗಂಟು ಹೊತ್ತು ಬಸ್ಸಿನಲ್ಲಿ ಆಶ್ರಮಕ್ಕೆ. ಗಂಟು ಭಾರ ಎಂದು ಒಮ್ಮೆ ಜೊತೆಗೆ ಹೋದವನು ಆಮೇಲೆ ಭಾರ ಇಲ್ಲದಿದ್ದರೂ ಹೋದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಗೆ ಹೋದರೂ ಅಷ್ಟೇ ಅಂಗಡಿಯಲ್ಲಿ ಕೂತರೂ ಅಷ್ಟೇ ಎಂಬಂತಾಗಿತ್ತು. ಟೀಚರಿಗೆ ಮದುವೆ ಆಗಿರಲಿಲ್ಲ. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೋಟೆಯ ಪಕ್ಕದ ಓಣಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಹೊಲಿಗೆ ಮಿಷನ್ನು, ಅದರ ಸ್ಟೂಲು, ಒಂದು ಕುರ್ಚಿ. ನಾನು ಹೋದರೆ ಅವರು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮೂರನೆಯವರು ಬಂದರೆ ಕೂರಿಸುವುದಕ್ಕೆ ಏನೂ ಇರಲಿಲ್ಲ, ಬರುವವರೂ ಇರಲಿಲ್ಲ.

ಬೊಂತೆಯ ಸಾಲುಗಳಿಗೆ ಮಿಷನ್ನು ಮುಟ್ಟುತ್ತಿರಲಿಲ್ಲ, ಎಲ್ಲ ಕೈಹೊಲಿಗೆ. ಹೊರ ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಿದ್ದರು. ಅಪ್ಪ ಹೊಲ ಉಳುತ್ತಿದ್ದದ್ದು ಹಾಗೇ ಅಂತೆ. ಹೊಲಿಯುತ್ತಾ ಬಾಯಲ್ಲಿ ಹೊಲಗಳನ್ನು ಹೇಳಿಕೊಳ್ಳುತ್ತಿದ್ದರು. ಮನೆಯ ಹಿತ್ತಿಲು ದಾಟಿದರೆ ಬಾವಿ ಹೊಲ, ಅದರ ಬಲಕ್ಕೆ ಹುಣಸೆ ಮರದ ಹೊಲ, ಬದು ಹತ್ತಿ ಇಳಿದರೆ ಮಾವಿನ ಕುಣಿ, ಹೀಗೆ ಕೆರೆಯವರೆಗೂ. ಒಂದು ದಿನ ನಾನು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದೆ. ಅವರು ಕೆರೆ ಮುಟ್ಟಿದ ಮೇಲೆ ಮತ್ತೆ ಹಿತ್ತಿಲಿಂದ ಶುರುಮಾಡಿದರು. ಆ ಹಾದಿ ತಿಳಿದವರು ಅವರೊಬ್ಬರೇ ಉಳಿದಿದ್ದರು. ಅಣ್ಣತಮ್ಮಂದಿರಿಗೆ ಮರೆತಿತ್ತು, ಅವರ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಅಷ್ಟು ಒಂಟಿತನವನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ, ನನ್ನದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಅವರು ಬೊಂತೆಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಆಶ್ರಮದ ಹಾಲಿನಲ್ಲಿ ಉದ್ದನೆಯ ಬೆಂಚಿನ ಮೇಲೆ ಹರಡಿ ಒಂದೊಂದೇ ಹೆಸರು ಓದುವರು. ಬೇಕಾದವರು "ನಂದು" ಎಂದು ಕೂಗಿ ತಾವೇ ಬಂದು ಎತ್ತಿಕೊಳ್ಳಬೇಕು. ಏಳಲಾರದವರ ಮಂಚದ ಬಳಿ ಹೋಗಿ ಓದುವರು. ಯಾರೂ ತಮ್ಮ ಮುಂದೆ ಕೈಚಾಚಬಾರದು ಎಂಬ ಹಟ. ಇದರಿಂದ ಏನೇನೋ ಆಗುತ್ತಿತ್ತು. ಬಾಳೆಲ್ಲ ಕಂಡವರ ಮನೆಯ ಪಾತ್ರೆ ತಿಕ್ಕಿದ ಒಂದು ಅಜ್ಜಿ ಬಾವಿ ಹೊಲ ತೆಗೆದುಕೊಂಡಿತ್ತು. ಪ್ರತಿ ತಿಂಗಳೂ ಟೀಚರನ್ನು ಹಿಡಿದು, "ನಮ್ ಬಾವ್ಯಾಗೆ ನೀರೈತಾ ಮೇಡಮ್ಮೋರೆ?" ಎಂದು ಕೇಳುವುದು. "ಮೂರಾಳು ನೀರಿದೆ ಅಜ್ಜಿ," ಎಂದು ಇವರು. ಪಕ್ಕಪಕ್ಕದ ಮಂಚದ ಇಬ್ಬರು ಮುದುಕರು, ಒಬ್ಬನ ಬೊಂತೆ ಇನ್ನೊಬ್ಬನ ಮಂಚಕ್ಕೆ ಜಾರಿದ್ದಕ್ಕೆ, "ಬದು ಒತ್ತಬ್ಯಾಡ ಕಣ್ಲಾ" ಎಂದು ಜಗಳ ತೆಗೆದು ಎರಡು ದಿನ ಮಾತು ಬಿಟ್ಟಿದ್ದರು. ಅವತ್ತು ಟೀಚರ್ ಬಸ್ಸಿನಲ್ಲಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ನಗಾರಿ ಮಾನ್ಯ ಎಂಬ ಹೆಸರನ್ನು ಅವರು ಬಹಳ ದಿನ ಕಾದಿಟ್ಟಿದ್ದರು. ದೇವಸ್ಥಾನದ ಮುಂದೆ ಪೂಜೆಯ ಹೊತ್ತಿಗೆ ನಗಾರಿ ಬಾರಿಸುವ ಮನೆಯವರಿಗೆ ಹಿಂದಿನ ಕಾಲದಲ್ಲಿ ಬಿಟ್ಟುಕೊಟ್ಟ ಹೊಲ ಅದು. ಇವರು ಚಿಕ್ಕವರಿದ್ದಾಗ ಅದನ್ನು ಉಳುತ್ತಿದ್ದವರು ಇವರ ಅಪ್ಪ. "ಈಗ ನಗಾರಿನೂ ಇಲ್ಲ, ಬಾರಿಸೋರೂ ಇಲ್ಲ. ಹೆಸರು ಮಾತ್ರ ಎಷ್ಟು ಚೆನ್ನಾಗಿದೆ ನೋಡು," ಎಂದು ಬರೆಸಿದರು. ಅದಕ್ಕೆ ಅವರ ಅವ್ವನ ಕೆಂಪು ಸೀರೆಯ ಅಂಚು ಹಾಕಿದ್ದರು. ಅವರು ಹೊಲಿದ ಬೊಂತೆಗಳಲ್ಲೆಲ್ಲ ಚೆಂದದ್ದು ಅದೇ.

ಕಳೆದ ಸಂಕ್ರಾಂತಿಗೆ ಮುಂಚಿನ ಶನಿವಾರ ಅದನ್ನು ಒಯ್ದೆವು. ಎಲುಬು ಕೊರೆಯುವ ಚಳಿ. ಹಾಲಿನ ಮೂಲೆಯ ಮಂಚದಲ್ಲಿ ಒಬ್ಬ ಹೊಸ ಅಜ್ಜ ಬಂದಿದ್ದರು. ಬಸ್ ನಿಲ್ದಾಣದಲ್ಲಿ ಮಲಗಿದ್ದವರನ್ನು ಯಾರೋ ಕರೆತಂದು ಬಿಟ್ಟರಂತೆ. ಮದುವೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುತ್ತಿದ್ದವರಂತೆ. ಆರಡಿ ಆಳು. ಆಶ್ರಮದ ಕಂಬಳಿಯಿಂದ ಪಾದ ಎರಡೂ ಹೊರಗಿದ್ದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಕಟ್ಟಿದವನು ಇಂಥ ಕಾಲು ನೋಡಿರಲಿಲ್ಲ.

ಟೀಚರ್ ಬೊಂತೆ ಬಿಡಿಸಿ ಓದಿದರು. "ಇದು ನಗಾರಿ ಮಾನ್ಯ."

"ಅದು ನಮ್ದು," ಎಂದರು ಮೂಲೆಯ ಅಜ್ಜ.

ಬಂದಾಗಿನಿಂದ ಹೆಚ್ಚು ಮಾತೇ ಆಡದವರು ಆಡಿದರು ಎಂದು ಎಲ್ಲರಿಗೂ ಖುಷಿ. ಟೀಚರ್ ನಗುತ್ತಾ, "ಬನ್ನಿ ಯಜಮಾನ್ರೆ, ಇವತ್ತಿಂದ ನಿಮ್ದೇ," ಎಂದರು.

"ಇವತ್ತಿಂದ ಅಲ್ಲ ತಾಯಿ. ನಮ್ ತಾತನ ಕಾಲ್ದಿಂದ ನಮ್ದು."

ಎರಡು ಮೂರು ಜನ ನಕ್ಕರು. ಟೀಚರ್ ನಗಲಿಲ್ಲ. "ನಿಮ್ಮದು ಯಾವೂರು?" ಎಂದು ಕೇಳಿದರು. ಅಜ್ಜ ಊರಿನ ಹೆಸರು ಹೇಳಿದರು. ಅದೇ ಊರು.

"ನೀವು ಯಾರ್ ಮಗಳು?" ಎಂದರು ಅಜ್ಜ.

"ಮೇಲ್ಮನೆ ಗೌಡ್ರ ಮಗಳು."

ಅಜ್ಜ ಎದ್ದು ಕೂತರು. ಬಹಳ ಹೊತ್ತು ಅವರ ಮುಖವನ್ನೇ ನೋಡಿದರು. ಆಮೇಲೆ ಕೋಪವಿಲ್ಲದ ದನಿಯಲ್ಲಿ ಹೇಳಿದರು.

"ನಮ್ಮಪ್ಪ ನಗಾರಿ ಬಾರಿಸ್ತಿದ್ದ. ಅವನಿಗೆ ಕಣ್ಣು ಹೋದ್ಮ್ಯಾಕೆ ಹೊಲ ನಿಮ್ಮಪ್ಪಾರಿಗೆ ವಾರಕ್ಕೆ ಬಿಟ್ಟಿದ್ವಿ. ಬೆಳೇಲಿ ಅರ್ಧ ನಿಮ್ಗೆ, ಅರ್ಧ ನಮ್ಗೆ. ಆಮ್ಯಾಕೆ ಕಾನೂನು ಬಂತು, ಉಳೋರ ಪಾಲಾಯ್ತು. ನಾವು ಊರು ಬಿಟ್ವಿ. ನಿಮ್ಮಪ್ಪಾರದು ತಪ್ಪು ಅಂತಿಲ್ಲ, ಕಾನೂನೇ ಹಂಗಿತ್ತು. ಆದ್ರೆ ತಾಯಿ, ನಮ್ದನ್ನ ನಮಗೇ ಧರ್ಮಕ್ಕೆ ಕೊಡಕ್ಕೆ ಬಂದ್ರಲ್ಲ."

ಟೀಚರ ಕೈ ಚೀಲದಲ್ಲಿ ಕತ್ತರಿ ಹುಡುಕುತ್ತಿತ್ತು. "ಹೆಸರು ಬಿಚ್ಚಿಬಿಡ್ತೀನಿ ಯಜಮಾನ್ರೆ. ಬೇರೆ ಹಾಕ್ಸ್ತೀನಿ. ಈಗ್ಲೇ ಬಿಚ್ತೀನಿ."

"ಬಿಚ್ಬ್ಯಾಡಿ," ಎಂದರು ಅಜ್ಜ. "ಅದೊಂದು ಉಳ್ಕಂಡೈತೆ. ಇರ್ಲಿ."

ಎದ್ದು ಬಂದು ಬೊಂತೆ ತೆಗೆದುಕೊಂಡರು. ಹೊದೆಯಲಿಲ್ಲ. ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿ, ಗೋಡೆಯ ಕಡೆ ತಿರುಗಿ ಮಲಗಿದರು. ಪಾದಗಳು ಹಾಗೇ ಹೊರಗಿದ್ದವು.

ಬಸ್ಸಿನಲ್ಲಿ ಅವತ್ತು ಅಂಗುಸ್ತಾನದ ಸದ್ದಿರಲಿಲ್ಲ. ಊರು ಹತ್ತಿರ ಬಂದಾಗ, "ಯಾರನ್ನೂ ಚಿಕ್ಕೋರ್ನ ಮಾಡಲ್ಲ ಅಂದಿದ್ದೆ ಅಲ್ವೇನಪ್ಪ ನಾನು?" ಎಂದರು.

"ನಿಮಗೆ ಗೊತ್ತಿರಲಿಲ್ಲ ಟೀಚರ್."

"ಅದೇ ತಪ್ಪು. ಆ ಹೊಲದ ಅವರೆಕಾಯಿ ತಿಂದು ಬೆಳೆದೋಳು ನಾನು. ನಗಾರಿ ಮಾನ್ಯ ಅಂತ ಹೆಸರಲ್ಲೇ ಇದೆ, ಅದು ನಮ್ಮದಲ್ಲ ಅಂತ. ಯಾರದು ಅಂತ ಒಂದು ದಿನಾನೂ ಕೇಳ್ಲಿಲ್ಲ. ಹೆಸರು ಚೆನ್ನಾಗಿದೆ ಅಂತ ಬಾಯಿಪಾಠ ಮಾಡ್ಕೊಂಡು ಕೂತೆ."

ಆಮೇಲೆ ಎರಡು ತಿಂಗಳು ಅವರು ಸೂಜಿ ಮುಟ್ಟಲಿಲ್ಲ. ನಾನು ಹೋದಾಗ ಹಳೇ ಸೀರೆಗಳ ರಾಶಿ ಮೂಲೆಯಲ್ಲಿ ಬಿದ್ದಿತ್ತು. ಕುರ್ಚಿಯಲ್ಲಿ ಕೂತು ಎದ್ದು ಬಂದೆ. ಬೋರ್ಡ್ ಬರೆಯುವವನಿಗೆ ಇನ್ನೊಬ್ಬರು ಹೇಳಿದ್ದನ್ನು ಬರೆದು ಗೊತ್ತು, ತಾನಾಗಿ ಏನನ್ನೂ ಹೇಳಿ ಗೊತ್ತಿಲ್ಲ.

ಮೂರನೇ ತಿಂಗಳು ಅವರೇ ಅಂಗಡಿಗೆ ಬಂದರು. ಗಂಟಿಲ್ಲ, ಛತ್ರಿ ಮಾತ್ರ. "ನಡಿ, ಹೋಗೋಣ," ಎಂದರು. ಆಶ್ರಮಕ್ಕೆ ಹೋಗಿ ಮೂಲೆಯ ಮಂಚದ ಪಕ್ಕದ ಸಣ್ಣ ಬೆಂಚಿನ ಮೇಲೆ ಕೂತರು. ಅಜ್ಜ ಗೋಡೆಯ ಕಡೆ ತಿರುಗಿದರು. ಒಂದು ಗಂಟೆ ಹಾಗೇ ಕೂತಿದ್ದು ಎದ್ದರು. ಹೊರಡುವಾಗ ಆಯಾಳನ್ನು ಕೇಳಿದರು, "ಹೊದ್ಕೊಂಡ್ರಾ?"

"ಇಲ್ಲ ಮೇಡಮ್. ಕೆಳಗೇ ಐತೆ. ನಾವು ಮುಟ್ಟಿದ್ರೂ ಗದರ್ತಾರೆ."

ಮುಂದಿನ ತಿಂಗಳೂ ಇದೇ. ಅದರ ಮುಂದಿನ ತಿಂಗಳು ಆ ಮೌನ ತಡೆಯಲಾರದೆ ನಾನೇ, "ಟೀಚರ್, ಆ ಹೊಲಗಳ ಹಾದಿ ಒಂದ್ಸಲ ಹೇಳಿ, ನನಗೂ ಬಾಯಿಪಾಠ ಆಗ್ಲಿ," ಎಂದೆ. ಅವರು ಅನುಮಾನಿಸುತ್ತಾ ಮೆಲ್ಲಗೆ ಶುರುಮಾಡಿದರು. ಹಿತ್ತಿಲು, ಬಾವಿ ಹೊಲ, ಹುಣಸೆ ಮರದ ಹೊಲ, ಮಾವಿನ ಕುಣಿ, ದ್ಯಾವರ ತೋಪು.

"ಕುಂಟೆ ಬಿಟ್ರಿ," ಎಂದಿತು ಗೋಡೆಯ ಕಡೆಯಿಂದ ದನಿ.

ಟೀಚರ್ ನನ್ನ ಕೈ ಹಿಡಿದುಕೊಂಡರು. ಅಂಗುಸ್ತಾನ ತಣ್ಣಗೆ ಒತ್ತಿತು.

"ಮಾವಿನ ಕುಣಿ ಆದ್ಮ್ಯಾಕೆ ಒಂದು ನೀರಿನ ಕುಂಟೆ ಐತೆ. ಸಣ್ಣದು. ಎಮ್ಮೆ ಬೀಳ್ತಿದ್ವು. ಅದಾದ್ಮ್ಯಾಕೆ ತೋಪು."

"ಹೌದು," ಎಂದರು ಟೀಚರ್. "ಹೌದು, ಕುಂಟೆ ಇತ್ತು. ನಾನು ಮರ್ತೇಬಿಟ್ಟಿದ್ದೆ ಯಜಮಾನ್ರೆ."

"ನೀವು ಮೇಲ್ಮನೆಯಿಂದ ಬರ್ತೀರಿ. ನಾವು ಕೆರೆ ಕಡೆಯಿಂದ ಹತ್ತೋರು. ನಮಗೆ ಅದು ಮೊದ್ಲು ಸಿಕ್ತದೆ."

ಅಲ್ಲಿಂದ ಪ್ರತಿ ತಿಂಗಳೂ ಇಬ್ಬರೂ ಬಾಯಲ್ಲಿ ನಡೆದರು. ಇವರು ಮನೆಯಿಂದ ಇಳಿಯುತ್ತಾ, ಅವರು ಕೆರೆಯಿಂದ ಹತ್ತುತ್ತಾ. ಅಜ್ಜ ನಮ್ಮ ಕಡೆ ತಿರುಗಲಿಲ್ಲ, ಗೋಡೆಗೇ ಹೇಳುತ್ತಿದ್ದರು. ಮಂಚದ ಕಂಬಿಯ ಮೇಲೆ ಬೆರಳಿನಿಂದ ತಾಳ ಹಾಕಿಕೊಳ್ಳುತ್ತಾ ಹೇಳುತ್ತಿದ್ದರು. ಕೆಳಗಿನ ಕೇರಿಯವರು ಇಟ್ಟುಕೊಂಡಿದ್ದ ಹೆಸರುಗಳು ಟೀಚರಿಗೆ ಗೊತ್ತೇ ಇರಲಿಲ್ಲ. ಒಂದೇ ಹೊಲಕ್ಕೆ ಮೇಲ್ಮನೆಯಲ್ಲಿ ಒಂದು ಹೆಸರು, ಕೇರಿಯಲ್ಲಿ ಇನ್ನೊಂದು. ಅಷ್ಟಾದರೂ ಇಬ್ಬರೂ ಒಮ್ಮೆಯೂ ನಗಾರಿ ಮಾನ್ಯದ ಹೆಸರೆತ್ತಲಿಲ್ಲ. ಅದರ ಹತ್ತಿರ ಬಂದರೆ ಟೀಚರ್ ಸುಮ್ಮನಾಗುತ್ತಿದ್ದರು, ಅಜ್ಜನೂ ಸುಮ್ಮನಾಗುತ್ತಿದ್ದರು, ಆಮೇಲೆ ಯಾರಾದರೊಬ್ಬರು ಅದನ್ನು ದಾಟಿ ಮುಂದಿನ ಹೊಲ ಹೇಳುತ್ತಿದ್ದರು.

"ಪೇಂಟರಪ್ಪ, ನಮ್ಮೂರಲ್ಲಿ ಇನ್ನೂ ಒಬ್ಬರಿದ್ದಾರೆ ಕಣೋ," ಎಂದರು ಒಂದು ದಿನ ಬಸ್ಸಿನಲ್ಲಿ. ಕಂಬಿಯ ಮೇಲೆ ಟಕ್ ಟಕ್ ಶುರುವಾಗಿತ್ತು.

ಮತ್ತೆ ಹೊಲಿಯತೊಡಗಿದರು. ಹನ್ನೊಂದು ಬೊಂತೆಗೆ ಬಟ್ಟೆ ಕತ್ತರಿಸಿ ನನಗೆ ಹನ್ನೊಂದು ಪಟ್ಟಿ ತಂದುಕೊಟ್ಟರು. ಆದರೆ ಈ ಸಲ ಹೆಸರು ಹೇಳಲಿಲ್ಲ. "ಅವರನ್ನ ಕೇಳ್ಬೇಕು. ಪ್ರತಿ ಹೆಸರಿಗೂ ಅದು ಯಾರ ಹೊಲ ಅಂತ ಮೊದ್ಲು ಕೇಳ್ಕೊತೀನಿ. ಆಮೇಲೆ ಬರಿ," ಎಂದರು. ಹೋಗುತ್ತಾ ಮೆಟ್ಟಿಲ ಮೇಲೆ ನಿಂತು, "ಚಳಿ ಬರ್ಲಿ, ಹೊದ್ಕೊತಾರೆ ನೋಡು," ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ. ಬೇರೇನನ್ನೂ ಅವರು ಅಷ್ಟು ಆಸೆಯಿಂದ ಕಾದದ್ದನ್ನು ನಾನು ನೋಡಿಲ್ಲ.

ಚಳಿ ಬರುವ ಮುಂಚೆ ಅವರು ಹೋದರು. ಜ್ವರ ಎಂದು ಎರಡು ದಿನ ಮಲಗಿದ್ದವರು ಮೂರನೇ ದಿನ ಬಾಗಿಲು ತೆಗೆಯಲಿಲ್ಲ. ಅಣ್ಣನ ಮಕ್ಕಳು ಕಾರಿನಲ್ಲಿ ಬಂದರು. ಒಳ್ಳೆಯ ಹುಡುಗರು, ಅತ್ತರು ಕೂಡ. ಮಣ್ಣು ಮಾಡಲು ಜಾಗವೆಲ್ಲಿದೆ ಎಂದು ಸಿಟಿಯ ವಿದ್ಯುತ್ ಚಿತಾಗಾರಕ್ಕೆ ಒಯ್ದರು. ನಾನೂ ಹೋಗಿದ್ದೆ. ಬೇಗ ಮುಗಿಯಿತು. ಅಂಗುಸ್ತಾನ ಬೆರಳಲ್ಲೇ ಇತ್ತೋ ಯಾರಾದರೂ ತೆಗೆದಿದ್ದರೋ ನೋಡಲಿಲ್ಲ, ಈಗ ಅದೊಂದು ಕೊರಗು.

ಎರಡು ತಿಂಗಳ ಶನಿವಾರಗಳಲ್ಲಿ ಆಶ್ರಮಕ್ಕೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಈ ತಿಂಗಳು ಹೋದೆ. ಚಳಿ ಬಂದಿತ್ತು. ಬಾವಿ ಹೊಲದ ಅಜ್ಜಿ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿತು. ನಾನು ಮೂಲೆಗೆ ಹೋಗಿ ಬೆಂಚಿನ ಮೇಲೆ ಕೂರಲಾರದೆ ನಿಂತೇ, "ಅಜ್ಜ, ಟೀಚರ್ ಹೋಗಿಬಿಟ್ರು," ಎಂದೆ. ಯಾವಾಗ, ಹೇಗೆ ಎಂದು ಹೇಳಿದೆ. ಗೋಡೆಗೆ ಹೇಳಿದಂತಾಯಿತು.

ಬೆರಳ ತಾಳ ನಿಂತಿತು. ಅಜ್ಜ ಮೊದಲ ಸಲ ನನ್ನ ಕಡೆ ತಿರುಗಿದರು.

"ಗೌಡ್ರ ಮನೆ ಅಮ್ಮಣ್ಣೀನ ಯಾವ ಹೊಲ್ದಾಗೆ ಮಣ್ಣು ಮಾಡಿದ್ರಪ್ಪ?"

"ಹೊಲ ಎಲ್ಲಿದೆ ಅಜ್ಜ? ಸಿಟಿಗೆ ಒಯ್ದರು. ಕರೆಂಟಿನ ಒಲೆ."

ಅವರಿಗೆ ಅದು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಷ್ಟಪಟ್ಟು ಬಗ್ಗಿ ಮಂಚದ ಕೆಳಗಿಂದ ಬೊಂತೆಯ ಸುರುಳಿ ಎಳೆದರು. ಹನ್ನೊಂದು ತಿಂಗಳು ಬಿಚ್ಚದೆ ಇದ್ದದ್ದು. ಬಿಡಿಸಿ, ಟೀಚರ್ ಕೂರುತ್ತಿದ್ದ ಬೆಂಚಿನ ಮೇಲೆ ಉದ್ದಕ್ಕೆ ಹಾಸಿದರು. ನಾನು ಬರೆದ ನಗಾರಿ ಮಾನ್ಯ ಎಂಬ ಅಕ್ಷರ ಹೊಸದರಂತೆಯೇ ಇತ್ತು. ಕೆಂಪು ಅಂಚಿನ ಸುಕ್ಕನ್ನು ಅಂಗೈಯಿಂದ ಎರಡು ಸಲ ತೀಡಿದರು.

"ಒಂದು ಮಾತು ಹೇಳಿ ಕಳಿಸಬಾರ್ದಿತ್ತೇನಪ್ಪ," ಎಂದರು. "ನಮ್ ಮಾನ್ಯದಾಗೇ ಮಲಗಿಸ್ಬೋದಿತ್ತಲ್ಲ."